ವಾಯಿದೆ ತಪ್ಪಿದ ಮೇಲೆ

ಚಿಕ್ಕಪೇಟೆಯ ವ್ಯಾಪಾರಿಗೆ ಕೋರ್ಟು ದೂರದ ಊರಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳನ್ನು ದಾಟಿ ಮೈಸೂರು ಬ್ಯಾಂಕ್ ವೃತ್ತಕ್ಕೆ ಬಂದರೆ ಕೆಂಪೇಗೌಡ ರಸ್ತೆಯಲ್ಲೇ ಸಿಟಿ ಸಿವಿಲ್ ಕೋರ್ಟು. ಇನ್ನೊಂದಿಷ್ಟು ನಡೆದರೆ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳು, ಅದರಾಚೆ ಅಠಾರಾ ಕಚೇರಿಯಲ್ಲಿ ಹೈಕೋರ್ಟು. ಇಷ್ಟು ಹತ್ತಿರವಿದ್ದೂ ಪೇಟೆಯವರು ಕೋರ್ಟಿನ ಮೆಟ್ಟಿಲು ಹತ್ತುವುದು ಕಡಿಮೆ. ವಕಾಲತ್ತಿಗೆ ಸಹಿ ಹಾಕಿ, ಮುಂಗಡ ಫೀಸು ಕೊಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಬಂದು ಕೂರುತ್ತಾರೆ. ಮಿಕ್ಕದ್ದೆಲ್ಲ ಫೋನಿನಲ್ಲಿ. "ಏನಾಯ್ತು ಸಾರ್ ಇವತ್ತು?" "ವಾಯಿದೆ ಹಾಕಿದಾರೆ, ಮುಂದಿನ ತಿಂಗಳು ನೋಡೋಣ." ಈ ಸಂಭಾಷಣೆ ವರ್ಷಗಟ್ಟಲೆ ನಡೆಯಬಲ್ಲದು. ಬಹಳಷ್ಟು ಸಲ ಅದು ನಿಜವೂ ಹೌದು, ನಮ್ಮ ಕೋರ್ಟುಗಳಲ್ಲಿ ವಾಯಿದೆಯೇ ಹೆಚ್ಚು. ಕೆಲವು ಸಲ ಮಾತ್ರ ಅದು ನಿಜವಲ್ಲ. ಕೇಸು ಗೈರುಹಾಜರಿಯಲ್ಲಿ ವಜಾ ಆಗಿರುತ್ತದೆ, ಇಲ್ಲವೇ ಏಕಪಕ್ಷೀಯ ಡಿಕ್ರಿ ಆಗಿರುತ್ತದೆ. ಅಂಗಡಿಯವನಿಗೆ ಅದು ಗೊತ್ತಾಗುವುದು ಕೋರ್ಟಿನ ಅಮೀನ ಬಾಗಿಲಿಗೆ ಬಂದಾಗ.

ಅಂಥವನು ಯಾರನ್ನು ಕೇಳಬೇಕು? ಕಕ್ಷಿದಾರನ ಕೇಸನ್ನು ಕೈಬಿಟ್ಟ ವಕೀಲನಿಗೆ ನಮ್ಮ ಕಾನೂನು ಏನು ಮಾಡುತ್ತದೆ? ಉತ್ತರ ಒಂದೇ ಕಡೆ ಇಲ್ಲ. ವಕೀಲರ ಕಾಯ್ದೆಯಲ್ಲಿ ಸ್ವಲ್ಪ, ಸಿವಿಲ್ ಕಾನೂನಿನಲ್ಲಿ ಸ್ವಲ್ಪ, ಸುಪ್ರೀಂ ಕೋರ್ಟಿನ ಪರಸ್ಪರ ಹೊಂದದ ತೀರ್ಪುಗಳಲ್ಲಿ ಸ್ವಲ್ಪ ಎಂಬಂತೆ ಹಂಚಿಹೋಗಿದೆ. ಎಲ್ಲವನ್ನೂ ಕೂಡಿಸಿ ನೋಡಿದರೂ ಕಕ್ಷಿದಾರನ ಕೈಗೆ ಬರುವುದು ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ವಕೀಲರ ಕೆಟ್ಟತನ ಎನ್ನುವುದಕ್ಕಿಂತ, ನಮ್ಮ ಶಿಸ್ತಿನ ಕಾನೂನು ಕೇಳುವ ಪ್ರಶ್ನೆಯಲ್ಲೇ ಇದೆ.

ಮೊದಲು ಪೇಟೆಯ ಕೇಸುಗಳ ಸ್ವಭಾವ ತಿಳಿಯಬೇಕು. ಇವು ದಿನ ಎಣಿಸಿ ನಡೆಯುವ ಕೇಸುಗಳು. ಸೂರತ್ತಿನಿಂದಲೋ ಧರ್ಮಾವರದಿಂದಲೋ ಮಾಲು ತರಿಸಿ ಸಾಲದ ಮೇಲೆ ಕೊಟ್ಟ ಸಗಟು ವ್ಯಾಪಾರಿಗೆ ಚೆಕ್ಕು ವಾಪಸು ಬಂತು ಎಂದುಕೊಳ್ಳಿ. ಬ್ಯಾಂಕಿನ ಮೆಮೊ ಬಂದ 30 ದಿನಗಳೊಳಗೆ ನೋಟಿಸು ಹೋಗಬೇಕು. ನೋಟಿಸು ಮುಟ್ಟಿದ ಮೇಲೆ ಹಣ ಕಟ್ಟಲು ಎದುರಾಳಿಗೆ 15 ದಿನ. ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಲು ಚೆಕ್ಕಿನ ಕಾನೂನಿನ 2002ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನೋಟಿಸೇ ತಡವಾದರೆ ಅದೂ ಇಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ನೋಡಬಹುದು. ಅದೂ ಮುಗಿದಿದ್ದರೆ ಕ್ರಿಮಿನಲ್ ಕೇಸಿನ ಆಸೆ ಬಿಟ್ಟು ವಸೂಲಿ ದಾವೆ ಹೂಡಬೇಕು. ವಕೀಲರ ಮೇಜಿನ ಮೇಲೆ ಕಡತ ಒಂದು ವಾರ ಹೆಚ್ಚು ಮಲಗಿದ್ದಕ್ಕೆ ಇಷ್ಟು ಬೆಲೆ.

ಪ್ರತಿವಾದಿಯಾದರೆ ಇನ್ನೂ ಬಿಗಿ. ವಾಣಿಜ್ಯ ನ್ಯಾಯಾಲಯಗಳ ಕಾನೂನಿಗೆ ಬಂದ 2018ರ ತಿದ್ದುಪಡಿಯ ನಂತರ ಮೂರು ಲಕ್ಷ ರೂಪಾಯಿ ಮುಟ್ಟುವ ವ್ಯಾಪಾರಿ ವ್ಯಾಜ್ಯಗಳೆಲ್ಲ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ಚಿಕ್ಕಪೇಟೆಯಲ್ಲಿ ಮೂರು ಲಕ್ಷ ಎಂದರೆ ಹಬ್ಬದ ಮುಂಚಿನ ಒಂದೆರಡು ಬಿಲ್ಲು. ಅಲ್ಲಿ ಸಮನ್ಸು ಮುಟ್ಟಿದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕು ಹೋಯಿತು. ಒಂದು ದಿನವೂ ಹೆಚ್ಚು ಕೊಡಲು ಕೋರ್ಟಿಗೆ ಅಧಿಕಾರವಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿದೆ. ಬಾಡಿಗೆ ವ್ಯಾಜ್ಯದ ಕಥೆ ಬೇರೆ. 14 ಚದರ ಮೀಟರಿನೊಳಗಿನ ಸಣ್ಣ ಅಂಗಡಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆಯಿದೆ. ಅದಕ್ಕಿಂತ ದೊಡ್ಡದಕ್ಕೆ ಆಸ್ತಿ ವರ್ಗಾವಣೆ ಕಾಯ್ದೆಯ ನೋಟಿಸೇ ಸಾಕು. ಸುಲ್ತಾನ್‌ಪೇಟೆ, ಮಾಮೂಲ್‌ಪೇಟೆಯ ಓಣಿಗಳಲ್ಲಿ ಮೂರು ತಲೆಮಾರಿನಿಂದ ಕೂತಿರುವ ಬಾಡಿಗೆದಾರನ ಅಂಗಡಿ ಹದಿನಾಲ್ಕರ ಒಳಗೋ ಹೊರಗೋ ಎಂಬುದನ್ನು ಸಾಕ್ಷ್ಯದ ಮೂಲಕ ತೋರಿಸುವುದು ವಕೀಲನ ಕೆಲಸ. ಅವನು ಹಾಜರಾಗದೆ ಏಕಪಕ್ಷೀಯ ಆದೇಶ ಬಿದ್ದರೆ ಅಳತೆಯ ಪ್ರಶ್ನೆಯೇ ಏಳುವುದಿಲ್ಲ.

ವಕೀಲರನ್ನು ಬದಲಿಸೋಣ ಎಂದರೆ ಅಲ್ಲೊಂದು ಗಂಟು. ಮೊದಲಿನವರ ಒಪ್ಪಿಗೆ, ಅಂದರೆ ಎಲ್ಲರೂ ಎನ್‌ಓಸಿ ಎನ್ನುವ ಆ ಸಹಿ, ಇಲ್ಲದೆ ಎರಡನೆಯವರು ವಕಾಲತ್ತು ಹಾಕುವಂತಿಲ್ಲ ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ ನಿಯಮ. ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ಕೋರ್ಟಿನ ಅನುಮತಿ ಪಡೆಯಬಹುದು ಎಂದೂ ಅದೇ ನಿಯಮ ಹೇಳುತ್ತದೆ. ಎರಡನೆಯ ಅರ್ಧವನ್ನು ಕಕ್ಷಿದಾರರಿಗೆ ಯಾರೂ ಹೇಳುವುದಿಲ್ಲ. ಫೀಸು ಬಾಕಿಯೆಂದು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ವಕೀಲರು ಕಡತಗಳನ್ನು ಕೊಡಲೊಪ್ಪದೆ ಇದ್ದ ಪ್ರಕರಣ ಅದು. ಕಕ್ಷಿದಾರನ ಕಾಗದ ಕಕ್ಷಿದಾರನದು, ಫೀಸು ಬೇಕಿದ್ದರೆ ಬೇರೆ ದಾವೆ ಹೂಡಿ ವಸೂಲು ಮಾಡಿಕೊಳ್ಳಬೇಕು ಎಂಬುದು ತೀರ್ಪಿನ ಸಾರ.

ಈಗ ಶಿಸ್ತಿನ ಮಾತಿಗೆ ಬರೋಣ. 1961ರ ವಕೀಲರ ಕಾಯ್ದೆಯ 35ನೇ ಕಲಮು ರಾಜ್ಯ ವಕೀಲರ ಪರಿಷತ್ತಿಗೆ ಶಿಕ್ಷಿಸುವ ಅಧಿಕಾರ ಕೊಟ್ಟಿದೆ. ಅದಕ್ಕೂ ಮುಂಚೆ ಈ ಅಧಿಕಾರ ಹೈಕೋರ್ಟುಗಳ ಕೈಯಲ್ಲಿತ್ತು. ವೃತ್ತಿಯವರೇ ತಮ್ಮನ್ನು ತಾವು ತಿದ್ದಿಕೊಳ್ಳಲಿ ಎಂದು ಸ್ವಾತಂತ್ರ್ಯಾನಂತರ ಅದನ್ನು ವಕೀಲರಿಗೇ ಒಪ್ಪಿಸಲಾಯಿತು. ದೂರು ಬಂದಾಗ, ಅಥವಾ ದೂರಿಲ್ಲದೆಯೂ, ದುರ್ನಡತೆ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಪರಿಷತ್ತು ಅದನ್ನು ಮೂವರ ಶಿಸ್ತು ಸಮಿತಿಗೆ ಒಪ್ಪಿಸಬೇಕು. ಸಮಿತಿ ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಸನದನ್ನು ಕೆಲಕಾಲ ಅಮಾನತಿನಲ್ಲಿ ಇಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಅದರ ಮೇಲೆ 60 ದಿನಗಳೊಳಗೆ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ.

ಕಾಗದದ ಮೇಲೆ ಕೊರತೆಯಿಲ್ಲ. ದೂರನ್ನು ಕನ್ನಡದಲ್ಲೇ ಕೊಡಬಹುದು, ದೆಹಲಿಗೆ ಕಳಿಸುವ ಸಂದರ್ಭ ಬಂದರೆ ಇಂಗ್ಲಿಷಿಗೆ ಅನುವಾದಿಸುವ ಹೊರೆ ರಾಜ್ಯ ಪರಿಷತ್ತಿನದು. ದೂರುದಾರ ಮಧ್ಯದಲ್ಲಿ ರಾಜಿಯಾದ, ಹಿಂತೆಗೆದುಕೊಂಡ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಕೈಬಿಡುವಂತಿಲ್ಲ. ಒಂದು ವರ್ಷದೊಳಗೆ ಮುಗಿಯದ ದೂರು 36ಬಿ ಕಲಮಿನಂತೆ ತಾನಾಗಿಯೇ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ವಿಳಂಬ ತಪ್ಪಿಸಲೆಂದು ಮಾಡಿದ ಈ ಏರ್ಪಾಡು ವಿಳಂಬಕ್ಕೇ ದಾರಿಯಾಯಿತು. ವರ್ಷ ಕಳೆಯಲು ಬಿಟ್ಟರೆ ಸಾಕು, ಕಡತ ಬೆಂಗಳೂರು ಬಿಟ್ಟು ದೆಹಲಿ ಸೇರುತ್ತದೆ, ಅಂಗಡಿ ಮುಚ್ಚಿ ಅಲ್ಲಿಗೆ ಅಲೆಯಲಾರದ ದೂರುದಾರ ಸುಮ್ಮನಾಗುತ್ತಾನೆ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಿ, ರಾಜ್ಯ ಪರಿಷತ್ತುಗಳು ವರ್ಷದೊಳಗೇ ದೂರು ಮುಗಿಸಬೇಕು, ವರ್ಗಾವಣೆ ಅಪವಾದವಾಗಿರಬೇಕು ಎಂದು ಹೇಳಬೇಕಾಯಿತು.

ಇನ್ನೊಂದು ಸಂಗತಿಯನ್ನು ಸಭ್ಯತೆಗಾಗಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕರ್ನಾಟಕದಂಥ ದೊಡ್ಡ ರಾಜ್ಯದ ಪರಿಷತ್ತಿನಲ್ಲಿ 25 ಚುನಾಯಿತ ಸದಸ್ಯರು. ಅವರನ್ನು ಆರಿಸುವವರು ವಕೀಲರೇ. ಶಿಸ್ತು ಸಮಿತಿಯ ಮೂವರಲ್ಲಿ ಇಬ್ಬರು ಈ ಸದಸ್ಯರು, ಮೂರನೆಯವರು ಅವರೇ ಸೇರಿಸಿಕೊಳ್ಳುವ ಇನ್ನೊಬ್ಬ ವಕೀಲರು. ಆರೋಪಿಗೆ ಮತವಿದೆ, ದೂರುದಾರನಿಗಿಲ್ಲ. ಸಮಿತಿಯವರು ಪಕ್ಷಪಾತಿಗಳು ಎಂದು ನಾನು ಹೇಳುತ್ತಿಲ್ಲ. ಅವರು ಎಷ್ಟೇ ನಿಷ್ಠುರವಾಗಿ ನಡೆದುಕೊಂಡರೂ ಹೊರಗಿನವನಿಗೆ ಹಾಗೆ ಕಾಣದಂತೆ ಕಾಯ್ದೆಯೇ ಕಟ್ಟಿಬಿಟ್ಟಿದೆ.

ಆದರೂ ಮುಖ್ಯ ತೊಡಕು ರಚನೆಯದಲ್ಲ. 'ದುರ್ನಡತೆ' ಎಂದರೇನು ಎಂದು ಕಾಯ್ದೆ ಹೇಳಿಲ್ಲ, ಆ ಕೆಲಸ ತೀರ್ಪುಗಳಿಗೆ ಬಿತ್ತು. 1963ರಲ್ಲಿ ಸುಪ್ರೀಂ ಕೋರ್ಟು ತನ್ನದೇ ವಕೀಲರೊಬ್ಬರ ಪ್ರಕರಣದಲ್ಲಿ, ಹೆಸರು ಮುಚ್ಚಿ 'ಪಿ' ಎಂದಷ್ಟೇ ವರದಿಯಾದ ಆ ಪ್ರಸಿದ್ಧ ತೀರ್ಪಿನಲ್ಲಿ, ಒಂದು ಗೆರೆ ಎಳೆಯಿತು. ಬರೀ ನಿರ್ಲಕ್ಷ್ಯ ಅಥವಾ ತಪ್ಪು ತೀರ್ಮಾನ ವೃತ್ತಿ ದುರ್ನಡತೆಯಲ್ಲ, ಅದರಲ್ಲಿ ನೈತಿಕ ಅಧಃಪತನದ ಅಂಶ ಬೆರೆತಿರಬೇಕು. 1997ರಲ್ಲಿ ಈ ಗೆರೆ ಇನ್ನೂ ದಪ್ಪವಾಯಿತು. ತಮಿಳುನಾಡಿನ ಸರ್ಕಾರಿ ವಕೀಲರೊಬ್ಬರು ಕೇಸುಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ದೂರಿನಲ್ಲಿ ಭಾರತೀಯ ಪರಿಷತ್ತು ತಪ್ಪು ಕಂಡಿದ್ದರೂ, ಅದರ ಹಿಂದೆ ದುರುದ್ದೇಶ ಕಾಣಿಸದೆ ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು.

ಈ ನಿಲುವಿಗೆ ನ್ಯಾಯವಿಲ್ಲದಿಲ್ಲ. ಪ್ರತಿ ತಪ್ಪಿಗೂ ಸನದು ಹೋಗುವುದಾದರೆ ಯಾವ ಜೂನಿಯರ್ ಧೈರ್ಯವಾಗಿ ಪಾಟೀಸವಾಲು ಮಾಡಿಯಾನು? ಶಿಸ್ತು ವಿಚಾರಣೆ ಬಹುಮಟ್ಟಿಗೆ ಕ್ರಿಮಿನಲ್ ಸ್ವರೂಪದ್ದು, ಅನುಮಾನದ ಲಾಭ ವಕೀಲನಿಗೆ ಸಿಗಬೇಕು, ಎಲ್ಲ ಸರಿ. ಆದರೆ ಕಕ್ಷಿದಾರನ ಕಡೆಯಿಂದ ನೋಡಿ. ಅವನ ವಕೀಲ ಹಣ ತಿಂದಿಲ್ಲ, ಎದುರಾಳಿಯ ಜೊತೆ ಸೇರಿಕೊಂಡಿಲ್ಲ. ಬರಲಿಲ್ಲ, ಅಷ್ಟೇ. ಆರು ವಾಯಿದೆಗೆ ಬರಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನಮ್ಮ ಕಾನೂನು ವಕೀಲನ ಮನಸ್ಸಿನಲ್ಲಿ ಕಲ್ಮಶವಿತ್ತೇ ಎಂದು ಕೇಳುತ್ತದೆ. ಕಕ್ಷಿದಾರನ ಮನೆ ಮುಳುಗಿತೇ ಎಂದು ಕೇಳುವುದಿಲ್ಲ. ಇಸ್ತ್ರಿಗೆ ಕೊಟ್ಟ ಸೀರೆ ಸುಟ್ಟುಬಂದಾಗ, ಸುಡುವ ಉದ್ದೇಶವಿತ್ತೇ ಎಂದು ವಿಚಾರಿಸಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ ಹಾಗೆ.

2001ರ ಒಂದು ತೀರ್ಪು ಬೇರೆ ದಿಕ್ಕು ತೋರಿಸಿತ್ತು. ಮಹಾರಾಷ್ಟ್ರದ ಕ್ರಿಮಿನಲ್ ಕೇಸೊಂದರಲ್ಲಿ ಸಾಕ್ಷಿ ಹಾಜರಿದ್ದಾಗಲೆಲ್ಲ ಒಂದೊಂದು ನೆಪ ಹೇಳಿ ವಾಯಿದೆ ಕೇಳುತ್ತಿದ್ದ ವಕೀಲರ ಮೇಲಿನ ದೂರನ್ನು ರಾಜ್ಯ ಪರಿಷತ್ತು ಆರಂಭದಲ್ಲೇ ತಳ್ಳಿಹಾಕಿತ್ತು. ಎನ್.ಜಿ. ದಸ್ತಾನೆ ಪ್ರಕರಣವೆಂದು ಹೆಸರಾದ ಈ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್, ಹೀಗೆ ವಾಯಿದೆ ಕೇಳುತ್ತ ಸಾಕ್ಷಿಯನ್ನು ಅಲೆದಾಡಿಸುವುದು ದುರ್ನಡತೆಯೇ ಎಂದರು. ವಕೀಲ ಕೇಸು ನಡೆಸುವ ರೀತಿಯಲ್ಲೇ ದುರ್ನಡತೆ ಇರಬಹುದು ಎಂದು ಒಪ್ಪಿದಂತಾಯಿತು. ಆದರೆ ಅಲ್ಲಿ ನೊಂದವನು ಎದುರು ಪಕ್ಷದ ಸಾಕ್ಷಿ. ಸ್ವಂತ ಕಕ್ಷಿದಾರನ ಪಾಲಿಗೆ ಆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ.

ಶಿಕ್ಷೆಯಾಯಿತು ಎಂದೇ ಇಟ್ಟುಕೊಳ್ಳೋಣ. ಕಕ್ಷಿದಾರನಿಗೆ ಏನು ಬಂತು? ವಿಚಾರಣೆಯ ಖರ್ಚು ಕೊಡಿಸುವ ಅಧಿಕಾರ ಸಮಿತಿಗಿದೆ, ಹೋದ ಅಂಗಡಿಗೆ ಪರಿಹಾರ ಕಟ್ಟಿಕೊಡುವ ಅಧಿಕಾರವಿಲ್ಲ. ಅದಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕು. 1926ರ ವಕೀಲರ ಫೀಸು ಕಾಯ್ದೆಯ 5ನೇ ಕಲಮು, ವಕೀಲ ಎಂಬ ಕಾರಣಕ್ಕೆ ಯಾರಿಗೂ ನಿರ್ಲಕ್ಷ್ಯದ ಹೊಣೆಯಿಂದ ವಿನಾಯಿತಿ ಇಲ್ಲ ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರುಗಳು ಕೋರ್ಟಿನಲ್ಲಿ ಮಾಡಿದ ತಪ್ಪಿಗೆ ಅವರ ಮೇಲೆ ದಾವೆ ಹೂಡಬಾರದೆಂಬ ರಕ್ಷಣೆ 2000ದವರೆಗೂ ಇತ್ತು. ನಮ್ಮಲ್ಲಿ ಹೊಣೆಯ ಮಾತು ಬ್ರಿಟಿಷರ ಕಾಲದಲ್ಲೇ ಶಾಸನದಲ್ಲಿ ಬಂದಿತ್ತು. ಬಳಸಿದವರು ಮಾತ್ರ ವಿರಳ.

ಬಳಸಿದವರಲ್ಲಿ ಕರ್ನಾಟಕದ ಒಬ್ಬ ಕಕ್ಷಿದಾರರಿದ್ದಾರೆ. ತಮ್ಮ ವಕೀಲರ ನಿರ್ಲಕ್ಷ್ಯದಿಂದ ನಷ್ಟವಾಯಿತೆಂದು ಅವರು ಪರಿಹಾರದ ದಾವೆ ಹೂಡಿದರು. ವಕೀಲರು ತಪ್ಪಿತಸ್ಥರೋ ಅಲ್ಲವೋ ಎಂಬ ವಿಚಾರ ಶುರುವಾಗುವ ಮೊದಲೇ ಆ ಕಕ್ಷಿದಾರರು ತೀರಿಕೊಂಡರು. ವಾರಸುದಾರರು ದಾವೆ ಮುಂದುವರಿಸಬಹುದೇ ಎಂಬ ಒಂದೇ ಪ್ರಶ್ನೆ ಕೆಳಗಿನ ಕೋರ್ಟು, ಹೈಕೋರ್ಟು ದಾಟಿ ಸುಪ್ರೀಂ ಕೋರ್ಟು ಮುಟ್ಟಿತು. 1988ರಲ್ಲಿ ವರದಿಯಾದ ಎಂ. ವೀರಪ್ಪ ವಿರುದ್ಧ ಎವೆಲಿನ್ ಸಿಕ್ವೇರಾ ತೀರ್ಪು ಇದು. ಮೃತರ ಮನಸ್ಸಿಗೆ ಆದ ನೋವಿನಂಥ ವೈಯಕ್ತಿಕ ಹಾನಿಯ ಬೇಡಿಕೆ ಅವರೊಂದಿಗೇ ಮುಗಿಯುತ್ತದೆ, ಒಪ್ಪಂದ ಮುರಿದಿದ್ದರಿಂದ ಆಸ್ತಿಗಾದ ನಷ್ಟದ ಬೇಡಿಕೆ ಉಳಿಯುತ್ತದೆ, ಯಾವುದು ಎಷ್ಟು ಎಂಬುದನ್ನು ಸಾಕ್ಷ್ಯ ನೋಡಿ ತೀರ್ಮಾನಿಸಬೇಕು ಎಂದಿತು ಸುಪ್ರೀಂ ಕೋರ್ಟು. ಕಾನೂನು ವಿದ್ಯಾರ್ಥಿಗಳು ಇದನ್ನು ವಾರಸಿಕೆಯ ಸೂಕ್ಷ್ಮಕ್ಕಾಗಿ ಓದುತ್ತಾರೆ. ನನಗೆ ಕಾಣುವುದು ಬೇರೆ: ವಕೀಲರ ಮೇಲಿನ ದಾವೆ ಕಕ್ಷಿದಾರರ ಆಯಸ್ಸನ್ನೂ ಮೀರಿ, ಇನ್ನೂ ಮೊದಲ ಮೆಟ್ಟಿಲಲ್ಲೇ ಇತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ನಮ್ಮ ಗಾದೆಗೆ ಇಲ್ಲಿ ಮೂರನೆಯವನನ್ನೂ ಸೇರಿಸಬೇಕು.

ಇಂಥ ದಾವೆಗೆ ಮತ್ತೊಬ್ಬ ವಕೀಲರೂ ಬೇಕು. ಒಂದೇ ಸಂಘದ ಕ್ಯಾಂಟೀನಿನಲ್ಲಿ ದಿನಾ ಕಾಫಿ ಕುಡಿಯುವವರ ಮೇಲೆ ದಾವೆ ಬರೆಯಲು ಎಷ್ಟು ಜನ ಮುಂದೆ ಬರುತ್ತಾರೆ?

ಗ್ರಾಹಕರ ವೇದಿಕೆ ಈ ಎರಡೂ ಕಷ್ಟಕ್ಕೆ ಮದ್ದಾಗಬಹುದಿತ್ತು, ಅಲ್ಲಿ ವಕೀಲರಿಲ್ಲದೆಯೂ ವಾದಿಸಬಹುದು. ದೆಹಲಿಯ ಒಂದು ಚೆಕ್ ಬೌನ್ಸ್ ಕೇಸಿನಲ್ಲಿ ವಕೀಲ ಮತ್ತು ಕಕ್ಷಿದಾರನ ನಡುವೆ ಹುಟ್ಟಿದ ಹಣದ ಜಗಳದಲ್ಲಿ, ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ವಕೀಲಿಕೆ ವ್ಯಾಪಾರವಲ್ಲ, ವಕೀಲನ ಮೇಲೆ ಕಕ್ಷಿದಾರನಿಗೆ ನೇರ ಹಿಡಿತವಿರುತ್ತದೆ, ಆದ್ದರಿಂದ ಅದು ವೈಯಕ್ತಿಕ ಸೇವೆಯ ಕರಾರು ಎಂಬುದು ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ತರ್ಕ. ನೇರ ಹಿಡಿತ! ಫೋನು ಎತ್ತದ ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಕಾದು ಕೂತ ಯಾವ ಕಕ್ಷಿದಾರನೂ ಈ ಮಾತನ್ನು ನಗದೆ ಕೇಳಲಾರ.

ಉಳಿದದ್ದು, ತಪ್ಪಿದ ಕೇಸನ್ನೇ ಮತ್ತೆ ಎಬ್ಬಿಸುವ ದಾರಿ. ವಜಾ ಆದ ದಾವೆಯನ್ನು ಪುನಃ ದಾಖಲಿಸಲು, ಏಕಪಕ್ಷೀಯ ಡಿಕ್ರಿ ರದ್ದು ಕೋರಲು 30 ದಿನಗಳ ಕಾಲಮಿತಿಯಿದೆ. ತಡವಾದರೆ ಕಾರಣ ಕೊಟ್ಟು ಮನ್ನಾ ಬೇಡಬೇಕು. ಇಲ್ಲಿ ಸುಪ್ರೀಂ ಕೋರ್ಟಿಗೆ ಎರಡು ಮುಖ. 1981ರ ರಫೀಕ್ ಪ್ರಕರಣದಲ್ಲಿ, ವಕೀಲನನ್ನು ನೇಮಿಸಿ ಫೀಸು ಕೊಟ್ಟು ಊರಲ್ಲಿ ಕೂತ ಹಳ್ಳಿಗ ಇನ್ನೇನು ಮಾಡಬೇಕಿತ್ತು ಎಂದು ಮರುಗಿ ಮೇಲ್ಮನವಿಗೆ ಜೀವ ಕೊಟ್ಟಿತು, ಗೈರಾದ ವಕೀಲರಿಂದಲೇ 200 ರೂಪಾಯಿ ಖರ್ಚು ವಸೂಲಿಗೆ ಹೇಳಿತು. 2024ರ ನವೆಂಬರಿನಲ್ಲಿ ಬೇರೊಂದು ಪೀಠ, ವಕೀಲರ ಮೇಲೆ ತಪ್ಪು ಹೊರಿಸುವುದು ಚಾಳಿಯಾಗುತ್ತಿದೆ, ಕಕ್ಷಿದಾರನೂ ಎಚ್ಚರವಾಗಿರಬೇಕು, ವಕೀಲನ ನಿರ್ಲಕ್ಷ್ಯವೊಂದೇ ದೀರ್ಘ ವಿಳಂಬಕ್ಕೆ ಸಬೂಬಲ್ಲ ಎಂದಿತು. ಇದಕ್ಕೆ ಆಧಾರವಿಲ್ಲವೆಂದಲ್ಲ. ಈಗ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಒತ್ತಿದರೆ ಇವತ್ತಿನ ಆದೇಶ, ಮುಂದಿನ ವಾಯಿದೆ ಅಂಗೈಯಲ್ಲಿ ಬರುತ್ತದೆ. ಪೇಟೆಯ ಹೊಸ ತಲೆಮಾರು ಜಿಎಸ್‌ಟಿ ರಿಟರ್ನಿನಷ್ಟೇ ಸಲೀಸಾಗಿ ಇದನ್ನೂ ನೋಡಬಲ್ಲದು. ಆದರೆ ಈ ಸವಲತ್ತು ಬಂದಮೇಲೆ ಹೊಣೆ ಮೆಲ್ಲಗೆ ವಕೀಲನ ಹೆಗಲಿಂದ ಕಕ್ಷಿದಾರನ ಹೆಗಲಿಗೆ ಜಾರುತ್ತಿದೆ, ಫೀಸು ಮಾತ್ರ ಜಾಗ ಬದಲಿಸಿಲ್ಲ.

ವಕೀಲರ ಪಾಡನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಬೆಳಿಗ್ಗೆ ಕೆಂಪೇಗೌಡ ರಸ್ತೆಯಲ್ಲಿ ಒಂದು, ಮೇಯೋ ಹಾಲಿನಲ್ಲಿ ಒಂದು, ಹೈಕೋರ್ಟಿನಲ್ಲಿ ಒಂದು ಕೇಸು ಕೂಗುತ್ತಾರೆ. ಹೋಗಲಾಗದ ಕಡೆಗೆ ಜೂನಿಯರ್ ಹೋಗಬೇಕು, ಅವನಿಗೆ ಬಸ್ಸಿನ ಖರ್ಚು ಹುಟ್ಟುವುದೂ ಕಷ್ಟ. ನಗರಗಳಲ್ಲಿ ಜೂನಿಯರುಗಳಿಗೆ ತಿಂಗಳಿಗೆ 20,000 ರೂಪಾಯಿ ಕೊಡಿ ಎಂದು 2024ರ ಅಕ್ಟೋಬರಿನಲ್ಲಿ ಭಾರತೀಯ ಪರಿಷತ್ತು ಸಲಹೆ ಮಾಡಿದೆ. ಅದು ಆದೇಶವಲ್ಲ, ಬರೀ ಸಲಹೆ. ಮೊದಲ ಫೀಸು ಕೊಟ್ಟು ಮಾಯವಾಗುವ, ದಾಖಲೆ ಕೇಳಿದರೆ ನಾಳೆ ಎನ್ನುವ ಕಕ್ಷಿದಾರರಿಗೂ ಪೇಟೆಯಲ್ಲಿ ಬರವಿಲ್ಲ. ಆದರೆ ಅಂಥವರಿಂದ ನಿವೃತ್ತನಾಗಲು ವಕೀಲನಿಗೆ ದಾರಿಯಿದೆ: ಸಾಕಷ್ಟು ಮುನ್ಸೂಚನೆ ಕೊಟ್ಟು, ಕೆಲಸ ಮಾಡದ ಫೀಸು ಹಿಂತಿರುಗಿಸಿ ಹೊರಬರಬಹುದು. ಹೇಳದೆ ಬಿಡುವುದಷ್ಟೇ ಸಲ್ಲದು.

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳಲ್ಲಿ ಶ್ರದ್ಧೆಯಿಂದ ಸಕಾಲಕ್ಕೆ ಕೆಲಸ ಮಾಡುವುದು ಒಂದು ನಿಯಮ, ಕೇಸಿನ ಸ್ಥಿತಿಯನ್ನು ಕಕ್ಷಿದಾರನಿಗೆ ತಿಳಿಸುತ್ತಿರುವುದು ಇನ್ನೊಂದು. ಮನಸ್ಸಿನ ಕಲ್ಮಶ ಹುಡುಕುವ ಮೊದಲೇ ಗೈರುಹಾಜರಿ, ಮೌನ ಎರಡೂ ಅಲ್ಲಿ ಪ್ರಶ್ನೆಗೆ ಒಳಗಾಗುತ್ತವೆ. ನಮ್ಮಲ್ಲಿ 2017ರ ಕಾನೂನು ಆಯೋಗದ 266ನೇ ವರದಿ ಕಕ್ಷಿದಾರನಿಗೆ ಪರಿಹಾರದ ಮಾತು ಎತ್ತಿತ್ತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಕೀಲರ ಕಾಯ್ದೆಗೆ ತಿದ್ದುಪಡಿಯ ಕರಡು ಹೊರಡಿಸಿತು, ವಕೀಲರು ಬೀದಿಗಿಳಿದರು, ಕರಡು ಮರುಪರಿಶೀಲನೆಗೆ ವಾಪಸಾಯಿತು. ಮುಷ್ಕರ ನಿಷೇಧ, ಸರ್ಕಾರದ ಹಸ್ತಕ್ಷೇಪ ಎಂಬ ದೊಡ್ಡ ಜಗಳದ ನಡುವೆ ಕಕ್ಷಿದಾರನ ಪಾಲು ಯಾರ ಬಾಯಲ್ಲೂ ಬರಲಿಲ್ಲ.

ವಿಚಿತ್ರವೆಂದರೆ ಉಚಿತ ಕಾನೂನು ನೆರವು ಪಡೆವ ಬಡವನಿಗೆ ಈ ವಿಷಯದಲ್ಲಿ ಹೆಚ್ಚು ರಕ್ಷಣೆಯಿದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2010ರ ನಿಯಮಗಳ ಪ್ರಕಾರ ಪ್ಯಾನಲ್ ವಕೀಲರ ಕೇಸು ಹೇಗೆ ನಡೆಯುತ್ತಿದೆ ಎಂದು ನೋಡಲು ಉಸ್ತುವಾರಿ ಸಮಿತಿಯಿದೆ, ಕೆಲಸ ಸರಿಯಿಲ್ಲದಿದ್ದರೆ ಕೇಸನ್ನು ಬೇರೆಯವರಿಗೆ ಕೊಡಬಹುದು. ಫೀಸು ಕೊಟ್ಟವನಿಗೆ ಇಂಥ ಕಣ್ಗಾವಲಿಲ್ಲ. ರಾಜ್ಯ ಪರಿಷತ್ತೂ ದೂರು ಬರುವತನಕ ಕಾಯಬೇಕಿಲ್ಲ, ಸ್ವತಃ ಕ್ರಮ ಕೈಗೊಳ್ಳುವ ಅಧಿಕಾರ 35ನೇ ಕಲಮಿನಲ್ಲೇ ಇದೆ. ವಕೀಲರ ಸತತ ಗೈರುಹಾಜರಿಯಿಂದ ವಜಾ ಆದ ಕೇಸುಗಳ ಪಟ್ಟಿಯನ್ನು ಪ್ರತಿ ಕೋರ್ಟು ಪರಿಷತ್ತಿಗೆ ಕಳಿಸುವ ಸಣ್ಣ ಏರ್ಪಾಡು ಮಾಡಲು ಹೊಸ ಶಾಸನವೇ ಬೇಕಿಲ್ಲ.

ಅದಿಲ್ಲದಿರುವುದರಿಂದ ಏನಾಗುತ್ತಿದೆ ಎಂಬುದು ಕೋರ್ಟಿನ ಕಡತಗಳಲ್ಲೇ ಕಾಣುತ್ತದೆ. ವಜಾ ಆದ ಕೇಸನ್ನು ಎಬ್ಬಿಸಲು ಹೊಸ ವಕೀಲರು ಬರೆಯುವ ಪ್ರಮಾಣಪತ್ರದಲ್ಲಿ 'ಹಿಂದಿನ ವಕೀಲರು ಬರಲಿಲ್ಲ' ಎಂಬ ವಾಕ್ಯ ಅಪರೂಪ. ಸಹೋದ್ಯೋಗಿಯ ದಾಕ್ಷಿಣ್ಯ, ಎನ್‌ಓಸಿಯ ಹಂಗು. ಬದಲಿಗೆ 'ಕಕ್ಷಿದಾರರಿಗೆ ಅನಾರೋಗ್ಯವಿದ್ದು ವಕೀಲರನ್ನು ಸಂಪರ್ಕಿಸಲಾಗಲಿಲ್ಲ' ಎಂಬ ಸಿದ್ಧ ಪಾಠ. ಕಕ್ಷಿದಾರ ಕಣ್ಣು ಹಾಯಿಸದೆ ಸಹಿ ಹಾಕುತ್ತಾನೆ, ಕೋರ್ಟು ಖರ್ಚು ವಿಧಿಸಿ ಕೇಸು ಪುನರಾರಂಭಿಸುತ್ತದೆ, ಎಲ್ಲರಿಗೂ ನೆಮ್ಮದಿ. ಕೋರ್ಟು ಒಪ್ಪದೆ ಹೋದಾಗ ಅದೇ ಕಕ್ಷಿದಾರ ಪರಿಷತ್ತಿಗೆ ದೂರು ಕೊಡುತ್ತಾನೆ. ಆಗ ಹಳೆಯ ವಕೀಲರು ತಮ್ಮ ಉತ್ತರದ ಜೊತೆ ಲಗತ್ತಿಸುವ ಮೊದಲ ದಾಖಲೆ, ತಪ್ಪು ತನ್ನದೇ ಎಂದು ಅವನೇ ಪ್ರಮಾಣ ಮಾಡಿ ಸಹಿ ಹಾಕಿದ ಆ ಕಾಗದ.